ಬಾರದ ಬಸ್ಸಿಗೊಂದು ಸಾಲು

ಆ ಬಡಾವಣೆಗೆ ಮೊದಲು ಬಂದದ್ದು ಬಸ್ಸು. ಆಮೇಲೆ ನೀರು, ಅದರ ಬೆನ್ನಿಗೆ ಕರೆಂಟು, ಕೊನೆಗೆ ಜನ. ಊರಾಚೆಯ ಆ ಬೋಳು ಬಯಲಿಗೆ ಸಾರಿಗೆ ಇಲಾಖೆಯವರು ಯಾವ ಪುಣ್ಯಾತ್ಮನ ಮಾತು ಕೇಳಿ ಬಸ್ಸು ಬಿಟ್ಟರೋ, ‘ಮನೆ ಬಾಗಿಲಿಗೇ ಬಸ್ಸು’ ಎಂಬ ಒಂದು ಮಾತಿನ ಮೇಲೆ ಸೈಟುಗಳೆಲ್ಲ ನೋಡನೋಡುತ್ತಲೇ ಖಾಲಿಯಾದವು. ಮನೆ ಎದ್ದವು, ಮನೆಯ ಮೇಲೆ ಮನೆ ಎದ್ದವು, ಅವುಗಳ ಮುಂದೆ ಕಾರುಗಳು ಬಂದು ನಿಂತವು. ಕಾರು ಬಂದ ಮೇಲೆ ಬಸ್ಸು ಯಾಕೆ ಬೇಕು ಎಂಬ ಪ್ರಶ್ನೆ ಬಡಾವಣೆಯ ಬುದ್ಧಿವಂತರಿಗೆ ಹೊಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ಆ ಬುದ್ಧಿವಂತರಲ್ಲಿ ಹಲ್ಲಿನ ಡಾಕ್ಟರು ಮೊದಲನೆಯವರಲ್ಲದಿದ್ದರೂ ಎರಡನೆಯವರಂತೂ ಹೌದು. ಮೊದಲ ಸ್ಥಾನ ನಿವಾಸಿಗಳ ಸಂಘದ ಅಧ್ಯಕ್ಷರದು. ಅವರು ನಿವೃತ್ತ ಎಂಜಿನಿಯರು. ಕೆಲಸದಲ್ಲಿದ್ದಷ್ಟು ಕಾಲ ಊರ ತುಂಬ ಮೇಲ್ಸೇತುವೆ ಕಟ್ಟಿಸಿ, ಬೆನ್ನ ಹಿಂದೆ ‘ಸೇತುವೆ ಸಾಹೇಬ್ರು’ ಎನ್ನಿಸಿಕೊಂಡವರು. ಊರಿಗೆ ಯಾವ ಕಾಯಿಲೆ ಬಂದರೂ ಅವರ ಬಳಿ ಇದ್ದ ಮದ್ದು ಒಂದೇ: ರಸ್ತೆ ಅಗಲ ಮಾಡುವುದು. ಅಗಲ ಮಾಡಿದ ರಸ್ತೆ ವರ್ಷ ತುಂಬುವುದರೊಳಗೆ ಮತ್ತೆ ಗಿಜಿಗುಟ್ಟಿದರೆ, ಮದ್ದು ಸರಿಯಿಲ್ಲ ಎಂದಲ್ಲ, ಕೊಟ್ಟದ್ದು ಸಾಲದು ಎಂದು ಅವರು ಅರ್ಥ ಮಾಡಿಕೊಳ್ಳುತ್ತಿದ್ದರು.

ಡಾಕ್ಟರು ಸಂಘದ ಕಾರ್ಯದರ್ಶಿ. ಅವರ ಕ್ಲಿನಿಕ್ಕು ಕೆಳಗೆ, ಮನೆ ಮೇಲೆ. ಬಸ್ ನಿಲ್ದಾಣ ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಮುಖಾಮುಖಿ. ಹೊಸದರಲ್ಲಿ ಆ ನಿಲ್ದಾಣ ನೋಡಿಕೊಂಡೇ ಅವರು ಅಲ್ಲಿ ಕ್ಲಿನಿಕ್ಕು ತೆರೆದದ್ದು. ಆಗ ಇದ್ದದ್ದು ಒಂದು ಕುರ್ಚಿ, ಒಂದು ಡ್ರಿಲ್ಲು, ಕೈತುಂಬ ಬಿಡುವು. ಈಗ ಕುರ್ಚಿ ಗುಂಡಿ ಒತ್ತಿದರೆ ಮಲಗುತ್ತಿತ್ತು, ಗೋಡೆಯಲ್ಲಿ ಮೀನಿನ ತೊಟ್ಟಿ ಇತ್ತು, ಇಷ್ಟೆಲ್ಲ ಇದ್ದ ಕ್ಲಿನಿಕ್ಕಿನ ಗಾಜಿಗೆ ಬಸ್ಸು ಕಾಯುವವರು ಬೆನ್ನು ಕೊಟ್ಟು ನಿಲ್ಲುವುದನ್ನು ನೋಡಿದಾಗಲೆಲ್ಲ ಡಾಕ್ಟರು ಒಳಗಿನಿಂದ ಗಾಜು ತಟ್ಟುತ್ತಿದ್ದರು.

“ಕಾರಲ್ಲಿ ಬರೋ ಪೇಷಂಟಿಗೆ ಕಾರು ನಿಲ್ಲಿಸೋಕೆ ಜಾಗ ಇಲ್ಲ ಸಾರ್,” ಎಂದು ಅವರು ಸಂಘದ ಸಭೆಯಲ್ಲಿ ನೋವು ತೋಡಿಕೊಂಡರು. “ಬಸ್ಸು ಬಂದು ಅಡ್ಡ ನಿಂತ್ಕೊಳ್ಳುತ್ತೆ.”

“ಬಸ್ಸು ಅಷ್ಟೇ ಅಲ್ಲ ಡಾಕ್ಟ್ರೇ,” ಎಂದರು ಸೇತುವೆ ಸಾಹೇಬರು, “ಬಸ್ಸಲ್ಲಿ ಯಾರ್ಯಾರೋ ಬರ್ತಾರೆ. ನಮ್ಮದು ಒಂದು ಮಟ್ಟದ ಬಡಾವಣೆ.”

ಯಾರ್ಯಾರೋ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಆ ಯಾರ್ಯಾರಲ್ಲೊಬ್ಬಳು ಟೀ ತಂದಿಟ್ಟಳು. ಎಲ್ಲರೂ ಕುಡಿದರು.

ಸಾರಿಗೆ ಅಧಿಕಾರಿಯ ಕೋಣೆಗೆ ಇಬ್ಬರೂ ಸೇರಿ ಹೋದಾಗ ಅಧಿಕಾರಿ ಎದ್ದು ಬಂದು ಕೈಕುಲುಕಿದರು. ತಮ್ಮ ಸರ್ವೀಸಿನಲ್ಲಿ ಬಸ್ಸು ಬೇಕು ಎಂದು ಕೂಗಾಡಿದವರನ್ನು ಕಂಡಿದ್ದರು, ಗಾಜು ಒಡೆದವರನ್ನು ಕಂಡಿದ್ದರು, ಮೇಜಿನ ಮುಂದೆ ಅತ್ತವರನ್ನೂ ಕಂಡಿದ್ದರು. ಇರುವ ಬಸ್ಸು ತೆಗೆಯಿರಿ ಎಂದು ಕೇಳಿಕೊಂಡು ಬಂದವರು ಇವರೇ ಮೊದಲು.

“ನಿಮ್ಮಂಥ ನಾಗರಿಕರು ಎಲ್ಲ ಕಡೆ ಇದ್ದಿದ್ರೆ ನಮ್ಮ ಇಲಾಖೆ ಎಲ್ಲೋ ಇರ್ತಿತ್ತು,” ಎಂದರು ಅಧಿಕಾರಿ, ಹಿಡಿದ ಕೈ ಬಿಡದೆ.

ಒಂದು ದೀಪದ ಕಂಬ ನೆಡಲು ಎರಡು ಮಳೆಗಾಲ ನೋಡುತ್ತಿದ್ದ ಆಡಳಿತ ಈ ಕೆಲಸವನ್ನು ಒಂದೇ ವಾರದಲ್ಲಿ ಮುಗಿಸಿತು. ನಿಲ್ದಾಣದ ತಗಡಿನ ಸೂರನ್ನೂ ಕಿತ್ತೊಯ್ದರು. ಉಳಿದದ್ದು ಕಂಬದ ಬುಡದ ಕಾಂಕ್ರೀಟು. ಡಾಕ್ಟರು ಆ ಜಾಗಕ್ಕೆಲ್ಲ ಹಳದಿ ಗೆರೆ ಎಳೆಸಿ, ‘ರೋಗಿಗಳ ವಾಹನಗಳಿಗೆ ಮಾತ್ರ’ ಎಂದು ಬರೆಸಿದರು. ಬಾಗಿಲಲ್ಲಿ ನಿಂತು ಖಾಲಿ ಜಾಗವನ್ನು ನೋಡಿದಾಗ ಅವರಿಗೆ ಹುಳುಕು ಹಲ್ಲು ಕಿತ್ತೆಸೆದಷ್ಟು ಹಗುರವಾಯಿತು.

ಆದರೆ ಈ ಸಂಭ್ರಮದಲ್ಲಿ ಅಮ್ಮನಿಗೆ ಹೇಳುವುದು ಮರೆತುಹೋಗಿತ್ತು.

ಡಾಕ್ಟರ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತಳಾದವಳು. ಊರಿನವರ ಮಾತಿಗೆಲ್ಲ ಸಂಪರ್ಕ ಕೊಟ್ಟು ಕೊಟ್ಟು, ತಾನು ಸುಮ್ಮನೆ ಕೂರುವುದು ಅವಳಿಗೆ ಒಗ್ಗದ ವಿಷಯ. ದಿನಾ ಬೆಳಿಗ್ಗೆ ಕೈಚೀಲ ಹಿಡಿದು, ಬಸ್ಸಿನಲ್ಲಿ ಡ್ರೈವರ ಹಿಂದಿನ ಸೀಟಿನಲ್ಲಿ ಕೂತು, ಹಳೇ ಊರಿನ ಉದ್ಯಾನಕ್ಕೆ ಹೋಗುತ್ತಿದ್ದಳು. ಅಲ್ಲಿ ಎಕ್ಸ್‌ಚೇಂಜಿನ ಹಳೆಯ ಗೆಳತಿಯರು ಬೆಂಚು ಹಿಡಿದಿಟ್ಟಿರುತ್ತಿದ್ದರು. ಹೋಗುವಾಗ ಬಸ್ಸಿನವರ ಸುದ್ದಿಯನ್ನು ಬೆಂಚಿಗೆ, ಬರುವಾಗ ಬೆಂಚಿನ ಸುದ್ದಿಯನ್ನು ಬಸ್ಸಿಗೆ ಮುಟ್ಟಿಸುವಳು. ಬಸ್ಸಿನಲ್ಲಿ ಅವಳಿಗೆ ‘ಟೆಲಿಫೋನ್ ಅಜ್ಜಿ’ ಎಂದೇ ಹೆಸರು. ನೆಗಡಿ ಹಿಡಿದು ಒಂದಷ್ಟು ದಿನ ಮನೆಯಲ್ಲೇ ಇದ್ದವಳು, ಅವತ್ತು ತಲೆ ಬಾಚಿ, ಚೀಲ ಹಿಡಿದು, ಹಳದಿ ಗೆರೆಯ ಮೇಲೆ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

“ಯಾಕೋ, ಬಸ್ಸು ಇನ್ನೂ ಕಾಣ್ತಿಲ್ಲ? ಸೂರು ಬೇರೆ ಯಾರೋ ಹೊತ್ಕೊಂಡು ಹೋಗಿದ್ದಾರೆ.”

“ಅಮ್ಮ, ಅದು... ಬಸ್ಸು ಇನ್ಮೇಲೆ ಬರಲ್ಲ. ರೂಟ್ ತೆಗೆದುಬಿಟ್ರು.”

“ಯಾರು ಆ ಹಾಳಾದವರು?”

ಡಾಕ್ಟರು ಮೀನಿನ ತೊಟ್ಟಿಯ ಕಡೆ ತಿರುಗಿದರು. ಉಪಕರಣ ತೊಳೆಯುತ್ತಿದ್ದ ಸಹಾಯಕಿ, ಎಲ್ಲರೂ ಸಿಸ್ಟರ್ ಎಂದು ಕರೆಯುತ್ತಿದ್ದ ನಡುವಯಸ್ಸಿನ ಹೆಂಗಸು, ತಲೆ ಎತ್ತದೆ ಹೇಳಿದಳು: “ನಮ್ಮ ಸಂಘದವರೇ ಅಮ್ಮಾ.”

“ಸಂಘ ಅಂದ್ರೆ ನೀನೇ ತಾನೇನೋ?”

“ನಾನೊಬ್ನೇ ಅಲ್ಲಮ್ಮ.”

“ನಿನ್ನ ಹೆತ್ತಿದ್ದು ಮಾತ್ರ ನಾನೊಬ್ಳೇ. ಒಂದು ಮಾತು ಕೇಳ್ಬಾರದಿತ್ತಾ?”

ಡಾಕ್ಟರು ಕೂಡಲೇ ಪ್ರಾಯಶ್ಚಿತ್ತಕ್ಕೆ ಇಳಿದರು. ಮನೆಯಲ್ಲಿ ಕಾರಿರುವಾಗ ಅಮ್ಮನಿಗೆ ಬಸ್ಸಿನ ಹಂಗೇಕೆ, ದಿನಾ ತಾವೇ ಬಿಟ್ಟು ಬರುವುದಾಗಿ ಮಾತು ಕೊಟ್ಟರು. ಮಾರನೆಯ ಬೆಳಿಗ್ಗೆ ಅಮ್ಮ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಳು. ಕಾರು ಬಡಾವಣೆ ದಾಟಿ ಮುಖ್ಯರಸ್ತೆಗೆ ಮೂತಿ ಹಾಕಿ ನಿಂತಿತು. ಅಲ್ಲಿ ಸೇತುವೆಯ ಕೆಲಸ ನಡೆದಿತ್ತು. ಸಾಹೇಬರು ನಿವೃತ್ತರಾಗುವ ಮುನ್ನ ಹುಟ್ಟುಹಾಕಿದ ಸೇತುವೆ, ಅವರಿಲ್ಲದ ಕೊರಗಿನಲ್ಲಿ ಅರ್ಧ ದಾಟದೆ ತೆವಳುತ್ತಿತ್ತು. ಅದರ ಕಂಬಗಳ ನಡುವೆ ಕಾರುಗಳು ಒಂದಕ್ಕೊಂದು ಅಂಟಿಕೊಂಡು, ಪ್ರತಿ ಕಾರಿನಲ್ಲೂ ಒಬ್ಬೊಬ್ಬರು ಕೂತು, ಎದುರಿನ ಕಾರಿನವನಿಗೆ ಬುದ್ಧಿಯಿಲ್ಲವೆಂದು ಹಾರನ್ ಹೊಡೆಯುತ್ತಿದ್ದರು.

“ಅಗೋ, ಆ ಮುದುಕಪ್ಪ ನಮ್ಮನ್ನ ದಾಟಿ ಹೋದ,” ಎಂದಳು ಅಮ್ಮ. “ಕೋಲೂರ್ಕೊಂಡು ಹೋಗ್ತಿದ್ದಾನೆ ಕಣೋ.”

“ಈಗ ಬಿಡುತ್ತಮ್ಮ.”

“ಈಗ ಅವನ ಹಿಂದೆ ನಾಯಿನೂ ದಾಟಿತು. ಅದಕ್ಕೇನೂ ಅವಸರ ಇದ್ದ ಹಾಗಿಲ್ಲ.”

ಉದ್ಯಾನ ತಲುಪಿದಾಗ ಗೆಳತಿಯರು ಬೆಂಚು ಬಿಟ್ಟು ಮನೆಗೆ ಹೋಗಿದ್ದರು. ಡಾಕ್ಟರು ವಾಪಸು ಬಂದಾಗ ಕಾದು ಕಾದು ಸಾಕಾದ ರೋಗಿಯೊಬ್ಬ ನೋವನ್ನೂ ಕೋಪವನ್ನೂ ಜೊತೆಗೇ ಹೊತ್ತುಕೊಂಡು ಹೊರಟಿದ್ದ. ಎರಡನೆಯ ದಿನವೂ ಹೀಗೇ ಆಯಿತು. ಮೂರನೆಯ ದಿನ ಡಾಕ್ಟರು ಅಮ್ಮನಿಗೆ ಫೋನಿನಲ್ಲಿ ಟ್ಯಾಕ್ಸಿ ಕರೆಯುವುದು ಹೇಳಿಕೊಟ್ಟರು. ಟ್ಯಾಕ್ಸಿಯವರು ಬರುತ್ತೇವೆ ಎಂದರು, ದಾರಿಯಲ್ಲಿದ್ದೇವೆ ಎಂದರು, ಕೊನೆಗೆ ಆ ಕಡೆಯ ಜಾಮ್ ಹೆಸರು ಕೇಳಿ ಬರುವುದಿಲ್ಲ ಎಂದರು. “ಎಕ್ಸ್‌ಚೇಂಜಲ್ಲಿ ನಾವು ಇಷ್ಟು ಸಲ ಲೈನ್ ಕಟ್ ಮಾಡಿದ್ರೆ ಕೆಲಸದಿಂದ ಕಿತ್ತು ಹಾಕ್ತಿದ್ರು,” ಎಂದು ಅಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟಳು.

ಆ ಮೇಲೆ ಅವಳು ಮಗನನ್ನು ಏನೂ ಕೇಳಲಿಲ್ಲ. ಡಾಕ್ಟರು ನೆಮ್ಮದಿಯ ಉಸಿರುಬಿಟ್ಟರು. ಅಮ್ಮ ಮನೆಯಲ್ಲೇ ಇರುವುದಕ್ಕೆ ಒಗ್ಗಿಕೊಂಡಳು ಎಂದುಕೊಂಡರು. ಹೆತ್ತ ತಾಯಿಯನ್ನು ಅವರು ಅಷ್ಟೇ ಅರ್ಥ ಮಾಡಿಕೊಂಡಿದ್ದರು.

ಒಂದು ಸಂಜೆ ಸೇತುವೆ ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಕ್ಲಿನಿಕ್ಕಿಗೆ ಬಂದರು.

“ಡಾಕ್ಟ್ರೇ, ಹೇಳೋಕೆ ನನಗೇ ನಾಚಿಕೆ. ನಿಮ್ಮ ತಾಯಿಯವರು ಕಸದ ಗಾಡೀಲಿ ಬರ್ತಿದ್ದಾರೆ.”

ಡಾಕ್ಟರು ಹೊರಗೆ ಓಡಿದರು. ನಿಜ. ಬಡಾವಣೆಯ ಕಸದ ಗಾಡಿ ಗಂಟೆ ಬಾರಿಸುತ್ತ ಬರುತ್ತಿತ್ತು. ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ, ಅಮ್ಮ ಮೆರವಣಿಗೆ ಹೊರಟ ರಾಣಿಯ ಹಾಗೆ ಕೂತಿದ್ದಳು. ಕೈಚೀಲ ತೊಡೆಯ ಮೇಲಿತ್ತು. ಗಂಟೆ ಬಾರಿಸುತ್ತಿದ್ದವಳೂ ಅವಳೇ.

ಆಮೇಲೆ ತಿಳಿಯಿತು, ಅದು ಮೊದಲನೆಯ ಸಲವಲ್ಲವೆಂದು. ಹೋಗುವಾಗ ಹಾಲಿನ ವ್ಯಾನು, ಅದು ತಪ್ಪಿದರೆ ಲಾಂಡ್ರಿಯವನ ಗಾಡಿ, ಬರುವಾಗ ಶಾಲೆಯ ವ್ಯಾನು. ಬಡಾವಣೆಯಿಂದ ಚಕ್ರದ ಮೇಲೆ ಹೊರಡುವ ಪ್ರತಿಯೊಂದರ ವೇಳೆಯೂ ಅಮ್ಮನ ಬಾಯಲ್ಲಿತ್ತು.

“ಅಮ್ಮ, ಜನ ಏನಂದ್ಕೋತಾರೆ?”

“ಜನ ಏನೂ ಅಂದ್ಕೊಳ್ಳಲ್ಲ. ಜಾಗ ಇದ್ರೆ ನಮ್ಮನ್ನೂ ಹತ್ತಿಸ್ಕೊಳ್ಳಿ ಅಂತಾರೆ. ಇವತ್ತು ಸಿಸ್ಟರ್‌ಗೂ ಕೇಳ್ದೆ, ಹಿಂದೆ ಕಸದ ಮೇಲೆ ಕೂರಬೇಕು ಅಂದಿದ್ದಕ್ಕೆ ಬೇಡ ಅಂದ್ಲು.”

ಸಿಸ್ಟರಿಗೂ ಆ ರೂಟೇ ಕೈಕಾಲಾಗಿತ್ತು. ಈಗ ಅವಳು ಒಂದು ಆಟೋ, ಆಮೇಲೆ ನಡಿಗೆ, ಆಮೇಲೆ ಇನ್ನೊಂದು ಆಟೋ ಹಿಡಿದು, ಬೆವರಿನಲ್ಲಿ ತೊಯ್ದು ಬರುತ್ತಿದ್ದಳು. ಡಾಕ್ಟರು ಗಡಿಯಾರದ ಕಡೆ ನೋಡಿದರೆ, ಅವಳು ಹಳದಿ ಗೆರೆಯ ಕಡೆ ನೋಡುತ್ತಿದ್ದಳು. ತಿಂಗಳ ಕೊನೆಗೆ, ರೈಲು ನಿಲ್ದಾಣದ ಬಳಿಯ ಬೇರೆ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತೆಂದು ಹೇಳಿ ಹೋದಳು. ಜಗಳವಿಲ್ಲ, ಗದ್ದಲವಿಲ್ಲ. ಹೋಗುವ ಮುಂಚೆ ಮೀನುಗಳಿಗೆ ಆಹಾರ ಹಾಕಿ, ಡಬ್ಬಿ ಎಲ್ಲಿದೆ ಎಂದು ತೋರಿಸಿದಳು.

ಅವಳನ್ನು ಹಿಂಬಾಲಿಸಿದವರಂತೆ ರೋಗಿಗಳೂ ಹೋದರು. ತಮ್ಮ ರೋಗಿಗಳು ಕಾರಿನಲ್ಲಿ ಬರುವವರು ಎಂದು ಡಾಕ್ಟರಿಗೆ ಯಾಕೆ ಅನ್ನಿಸಿತ್ತೋ, ಅವರಿಗೇ ಈಗ ತಿಳಿಯದು. ಕಾರಿದ್ದವರು ಹಲ್ಲು ನೋಯುವ ನೆಪದಲ್ಲಿ ಊರ ನಡುವಿನ, ಐದು ಮಹಡಿಯ, ಕೆಳಗೆ ಕಾಫಿ ಅಂಗಡಿ ಇರುವ ಆಸ್ಪತ್ರೆಗೆ ಹೋಗುತ್ತಿದ್ದರು. ಇವರ ಬಾಗಿಲಿಗೆ ಬರುತ್ತಿದ್ದವರು, ಗಾಜಿಗೆ ಬೆನ್ನು ಕೊಟ್ಟು ನಿಂತು ನಿಂತು, ಆಗಾಗ ತಿರುಗಿ ಒಳಗಿನ ಬೋರ್ಡು ಓದಿ ಓದಿ, ಹೇಗೂ ಬಸ್ಸು ಬರುವುದು ತಡ, ಒಮ್ಮೆ ತೋರಿಸಿಯೇ ಬಿಡೋಣ ಎಂದು ಒಳಗೆ ಬಂದವರು. ಅವರು ಈಗ ಬೇರೆ ಕಡೆ ಬೆನ್ನು ಕೊಟ್ಟು ನಿಂತಿದ್ದರು.

ಜಾಗ ಮಾತ್ರ ಖಾಲಿ ಉಳಿಯಲಿಲ್ಲ. ಬಸ್ಸು ಹೋದ ಮೇಲೆ ಮನೆಮನೆಗೆ ಎರಡನೆಯ ಗಾಡಿ ಬೇಕಾಯಿತು. ಅಡುಗೆಯವಳನ್ನು ಕರೆತರಲು ಒಬ್ಬರು, ಮಗಳನ್ನು ಕಾಲೇಜಿಗೆ ಬಿಡಲು ಇನ್ನೊಬ್ಬರು. ಬಡಾವಣೆಯ ಬೀದಿಗಳು ತುಂಬಿ, ಉಕ್ಕಿ, ಹಳದಿ ಗೆರೆಯವರೆಗೂ ಬಂದವು. ಒಂದು ಬೆಳಿಗ್ಗೆ ಸೇತುವೆ ಸಾಹೇಬರ ಹೊಸ ಕಾರು, ಮೈತುಂಬ ಬಟ್ಟೆ ಹೊದ್ದು, ‘ರೋಗಿಗಳ ವಾಹನಗಳಿಗೆ ಮಾತ್ರ’ ಎಂಬುದರ ಮೇಲೆ ಮಲಗಿತ್ತು.

“ಸಾರ್, ಅಲ್ಲಿ ಪೇಷಂಟ್ಸ್ ನಿಲ್ಲಿಸ್ಬೇಕಲ್ಲ?”

“ಬಂದಾಗ ಹೇಳಿ, ತೆಗೀತೀನಿ,” ಎಂದರು ಸಾಹೇಬರು. ಅವರು ಕಾರು ತೆಗೆಯುವ ಪ್ರಸಂಗವೇ ಬರಲಿಲ್ಲ.

“ರೀ,” ಎಂದಳು ಡಾಕ್ಟರ ಹೆಂಡತಿ ಒಂದು ದಿನ. ಅವಳು ಬ್ಯಾಂಕಿಗೆ ಸ್ಕೂಟರಿನಲ್ಲಿ ಹೋಗಿ ಬರುವವಳು, ಮೂಗು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತ ನಿಂತಿದ್ದಳು. “ಮಧ್ಯಾಹ್ನ ಕ್ಲಿನಿಕ್ಕಲ್ಲಿ ಏನ್ ಮಾಡ್ತೀರಿ?”

“ಯಾಕೆ?”

“ಮೀನು ದಪ್ಪ ಆಗಿವೆ. ಅದಕ್ಕೆ ಕೇಳ್ದೆ.”

ಹೀಗಿರುವಾಗ ಒಂದು ಸಂಜೆ ಅಮ್ಮ ಬರಲಿಲ್ಲ. ಶಾಲೆಯ ವ್ಯಾನು ಬಂತು, ಅದರಲ್ಲಿ ಇರಲಿಲ್ಲ. ಕಸದ ಗಾಡಿ ಬಂತು, ಗಂಟೆಯನ್ನು ಡ್ರೈವರನೇ ಬಾರಿಸುತ್ತಿದ್ದ. ಫೋನು ಮಾಡಿದರೆ ಅದು ಅಮ್ಮನ ಮಂಚದ ಮೇಲೆ ಹೊಡೆದುಕೊಂಡಿತು. ಡಾಕ್ಟರು ಕಾರು ತೆಗೆದರು. ಬಡಾವಣೆಯ ತಿರುವಿನಲ್ಲೇ ಕಾರು ನಿಂತಿತು. ಮುಂದೆ ಕೆಂಪು ದೀಪಗಳ ಸಾಲು, ಹಿಂದೆ ಹಾರನ್ನು. ಅಮ್ಮನಿಗೆ ವಯಸ್ಸಾಗಿದೆ, ರಸ್ತೆ ಅಗಲ ಮಾಡುವಾಗ ಕಾಲುದಾರಿ ನುಂಗಿಹಾಕಿದ್ದಾರೆ, ಅವಳು ಲಾರಿಗಳ ಪಕ್ಕದಲ್ಲೇ ನಡೆಯಬೇಕು. ಅವರು ಕಾರನ್ನು ಒಂದು ಅಂಗಡಿಯ ಮುಂದೆ ನುಗ್ಗಿಸಿ, ಅಂಗಡಿಯವನ ಬೈಗುಳಕ್ಕೆ ಕಿವಿಗೊಡದೆ, ಇಳಿದು ನಡೆದರು. ಅದೆಷ್ಟೋ ವರ್ಷಗಳ ಮೇಲೆ ಆ ರಸ್ತೆಯಲ್ಲಿ ನಡೆಯುತ್ತಿದ್ದರು. ಜಲ್ಲಿ, ಕೊಚ್ಚೆ, ಅಗೆದು ಬಿಟ್ಟ ಗುಂಡಿ. ಒಂದು ಕಡೆ ದಾಟಲು ನಿಂತರು. ಯಾವ ಕಾರೂ ಬಿಡಲಿಲ್ಲ. ಒಳಗೆ ಕೂತವರ ಮುಖದಲ್ಲಿ ಇದ್ದ ಅಸಡ್ಡೆ ಅವರಿಗೆ ಪರಿಚಯದ್ದೇ. ದಿನಾ ಕನ್ನಡಿಯಲ್ಲಿ ನೋಡುವಂಥದ್ದು.

ಅರ್ಧ ಸೇತುವೆಯ ಕೆಳಗೆ, ಒಂದು ಸಿಮೆಂಟಿನ ದಿಮ್ಮಿಯ ಮೇಲೆ ಅಮ್ಮ ಕೂತಿದ್ದಳು. ಒಬ್ಬಳೇ ಅಲ್ಲ. ಎಡಕ್ಕೆ ಸಾಹೇಬರ ಮನೆಯ ಅಡುಗೆಯವಳು, ಬಲಕ್ಕೆ ಡಾಕ್ಟರೇ ಒಮ್ಮೆ ದವಡೆಹಲ್ಲು ಕಿತ್ತಿದ್ದ ಟೈಲರು, ಆಚೆಗೆ ಇನ್ನೂ ಒಂದಿಷ್ಟು ಮಂದಿ. ಎಲ್ಲರೂ ಯಾವುದಾದರೂ ಗಾಡಿ ಸಿಕ್ಕೀತೆಂದು ಕಾಯುತ್ತಿದ್ದರು. ಅಮ್ಮ ಯಾವುದೋ ಹಳೆಯ ರಾಂಗ್ ನಂಬರಿನ ಕತೆ ಹೇಳುತ್ತಿದ್ದಳು, ಉಳಿದವರು ನಗುತ್ತಿದ್ದರು. ಅವಳ ಒಂದು ಕಾಲಿನ ಚಪ್ಪಲಿ ಕೈಯಲ್ಲಿತ್ತು. ಪಾದ ಊದಿಕೊಂಡು ಬೆರಳುಗಳೇ ಕಾಣುತ್ತಿರಲಿಲ್ಲ.

“ಶಾಲೆ ವ್ಯಾನು ತಪ್ಪಿತು, ಲಾಂಡ್ರಿ ಗಾಡಿ ಹತ್ತಿದ್ರೆ ಅದು ಕೆಟ್ಟು ನಿಂತಿತು ಕಣೋ. ನಡ್ಕೊಂಡು ಬಂದೆ. ನಿನ್ನ ಕಾರೆಲ್ಲಿ?”

“ಹಿಂದೆ ನಿಂತಿದೆ ಅಮ್ಮ.”

“ಅದು ಯಾವಾಗ್ಲೂ ನಿಂತೇ ಇರುತ್ತಲ್ಲ.”

ಎಲ್ಲರೂ ನಕ್ಕರು. ಡಾಕ್ಟರೂ ನಗಲು ಹೋದರು, ಆಗಲಿಲ್ಲ. ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಮ್ಮನ ಪಾದ ಹಿಡಿದುಕೊಂಡರು. ಬಿಸಿಯಾಗಿತ್ತು. ಯಾವಾಗಲೂ ಬೇರೆಯವರ ಬಾಯಿ ನೋಡುವ ಅವರಿಗೆ ಅಮ್ಮನ ಕಾಲು ಹೀಗಿದೆ ಎಂದು ಗೊತ್ತೇ ಇರಲಿಲ್ಲ.

“ಏಳೋ, ಪ್ಯಾಂಟು ಕೊಳೆಯಾಗುತ್ತೆ,” ಎಂದಳು ಅಮ್ಮ, ಮೆಲ್ಲಗೆ.

ಮರುದಿನ ಡಾಕ್ಟರು ಒಬ್ಬರೇ ಸಾರಿಗೆ ಅಧಿಕಾರಿಯ ಕೋಣೆಗೆ ಹೋದರು. ಈ ಸಲ ಅಧಿಕಾರಿ ಏಳಲಿಲ್ಲ.

“ಬಸ್ಸು ಬೇಕಾ? ನೀವೇ ಬೇಡ ಅಂದ್ರಲ್ಲ.”

“ತಪ್ಪಾಯ್ತು ಸಾರ್. ಈಗ ಬೇಕು.”

“ಬೇಕು ಅಂದ್ರೆ ಆಯ್ತಾ ಡಾಕ್ಟ್ರೇ? ಬೇಡಿಕೆ ಇರಬೇಕು. ಆ ನಿಲ್ದಾಣದಲ್ಲಿ ತಿಂಗಳುಗಟ್ಟಲೆಯಿಂದ ಒಬ್ಬನೂ ಬಸ್ಸಿಗೆ ಕಾಯ್ತಿಲ್ಲ. ನಮ್ಮವರು ನೋಡಿ ಬಂದಿದ್ದಾರೆ.”

“ಬಸ್ಸೇ ಇಲ್ವಲ್ಲ ಸಾರ್, ಯಾರು ಕಾಯ್ತಾರೆ?”

“ಅದನ್ನೇ ನಾನೂ ಹೇಳ್ತಿರೋದು. ಬಸ್ಸಿಲ್ಲದೇ ಜನ ಹಾಯಾಗಿದ್ದಾರೆ.” ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರೇನಲ್ಲ. “ನೋಡಿ, ಜನ ಕಾಯ್ತಿದ್ದಾರೆ ಅಂತ ಕಣ್ಣಿಗೆ ಕಾಣಬೇಕು. ನಮ್ಮ ಇನ್‌ಸ್ಪೆಕ್ಟರು ಒಂದಿನ ಬಂದು ನೋಡ್ತಾರೆ. ಯಾವ ದಿನ ಅಂತ ಹೇಳಲ್ಲ, ಹೇಳಿದ್ರೆ ನೀವು ಬಾಡಿಗೆಗೆ ಜನ ನಿಲ್ಲಿಸ್ತೀರಿ.”

ಡಾಕ್ಟರು ಇದನ್ನು ಮನೆಯಲ್ಲಿ ಸೋತ ದನಿಯಲ್ಲಿ ಹೇಳಿದರು. ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಿದ್ದ ಅಮ್ಮನ ಕಣ್ಣು ಮಿನುಗಿತು.

“ಬರೀ ಕಾಯೋದು ತಾನೆ? ಅದಕ್ಕೇನು, ನಮ್ಮ ಊರಲ್ಲಿ ಎಲ್ಲರಿಗೂ ಬರುತ್ತೆ.”

ಅವಳು ಫೋನು ತೆಗೆದುಕೊಂಡಳು. ಸೋಮವಾರ ಬೆಳಿಗ್ಗೆ, ಸಾಹೇಬರ ಹೊದ್ದ ಕಾರಿನ ಪಕ್ಕದಲ್ಲಿ, ಕಾಂಕ್ರೀಟಿನ ತುಂಡಿನಿಂದ ಶುರುವಾಗಿ ಒಂದು ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಅಮ್ಮ, ಮಡಿಸುವ ಕುರ್ಚಿಯಲ್ಲಿ. ಅವಳ ಹಿಂದೆ ಟೈಲರು, ಅಡುಗೆಯವಳು, ಕಾಲೇಜಿನ ಹುಡುಗಿಯರು, ರಜೆ ಹಾಕಿ ಬಂದ ಸಿಸ್ಟರು. ಕೊನೆಯಲ್ಲಿ, ಬಿಳಿ ಕೋಟು ಹಾಕಿಕೊಂಡು, ಎಲ್ಲಿ ನೋಡಬೇಕೋ ತಿಳಿಯದೆ, ಡಾಕ್ಟರು.

ಇಲ್ಲದ ಬಸ್ಸಿಗೆ ಕಾಯುವುದು ಸುಲಭವಲ್ಲ. ಮೊದಲ ದಿನ ಡಾಕ್ಟರು ಕೈಗಡಿಯಾರ ನೋಡಿಕೊಳ್ಳುತ್ತ, ಬಸ್ಸು ತಡವಾಯಿತೆಂಬಂತೆ ರಸ್ತೆಗೆ ಕತ್ತು ಚಾಚಿದರು. “ಅಷ್ಟೊಂದು ನಾಟಕ ಬೇಡ ಕಣೋ,” ಎಂದು ಅಮ್ಮ ಕುರ್ಚಿಯಿಂದಲೇ ಗದರಿದಳು. “ಸುಮ್ನೆ ಬೇಜಾರಾಗಿ ನಿಂತ್ಕೊ. ನಿಜವಾಗ್ಲೂ ಕಾಯೋರು ಹಾಗೇ ನಿಲ್ಲೋದು.”

ಸೇತುವೆ ಸಾಹೇಬರು ಬಂದು, ಈ ಗುಂಪಿನಿಂದ ತಮ್ಮ ಕಾರಿಗೆ ಗೀರು ಬಿದ್ದರೆ ಯಾರು ಹೊಣೆ ಎಂದು ಕೇಳಿದರು. ಕಾರ್ಯದರ್ಶಿಯೇ ಸಂಘದ ತೀರ್ಮಾನದ ವಿರುದ್ಧ ಸಾಲಿನಲ್ಲಿ ನಿಂತರೆ ಶಿಸ್ತು ಎಲ್ಲಿ ಉಳಿಯಿತು ಎಂದರು.

“ಸಾರ್, ನಿಮ್ಮ ಅಡುಗೆಯವರು ದಿನಾ ಎಷ್ಟು ಹೊತ್ತಿಗೆ ಬರ್ತಾರೆ ಈಗ?” ಎಂದು ಕೇಳಿದರು ಡಾಕ್ಟರು.

ಸಾಹೇಬರು ಸಾಲಿನಲ್ಲಿದ್ದ ಅಡುಗೆಯವಳನ್ನು ನೋಡಿದರು. ಅವಳು ಸಾಹೇಬರನ್ನು ನೋಡಿದಳು. ಇನ್ನೂ ತಿಂಡಿಯಾಗಿರದ ಸಾಹೇಬರು ಮಾತು ಬೆಳೆಸದೆ ಹೊರಟುಹೋದರು.

ಇನ್‌ಸ್ಪೆಕ್ಟರು ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಹೊರಟಿದ್ದರಂತೆ, ಇಲಾಖೆಯ ಜೀಪು ಸೇತುವೆಯ ಬಳಿ ಸಿಕ್ಕಿಕೊಂಡಿತಂತೆ, ಕಚೇರಿಯ ಹೊತ್ತು ಮುಗಿಯಿತೆಂದು ಅಲ್ಲಿಂದಲೇ ಹಿಂದಿರುಗಿದರಂತೆ. ಸಾಲು ಮಾತ್ರ ನಿಲ್ಲುತ್ತಲೇ ಇತ್ತು. ಒಬ್ಬರು ನಿಂತದ್ದು ನೋಡಿ ಇನ್ನೊಬ್ಬರು ನಿಂತರು. ಏನು ಕೊಡುತ್ತಿದ್ದಾರೆ ಎಂದು ಕೇಳಿಕೊಂಡು ಬಂದವರೂ ಇದ್ದರು. ಏನೂ ಕೊಡುವುದಿಲ್ಲ ಎಂದರೂ ಅವರು ಹೋಗಲಿಲ್ಲ.

ಅಷ್ಟರಲ್ಲಿ ಸೇತುವೆಯವರು ಮುಖ್ಯರಸ್ತೆಯನ್ನು ಇನ್ನಷ್ಟು ಅಗೆದರು. ಡಿಪೋದಿಂದ ಊರ ಕಡೆ ಖಾಲಿ ಹೊರಟ ಬಸ್ಸೊಂದು ದಾರಿ ಕಾಣದೆ ಬಡಾವಣೆಯ ಒಳಗೆ ನುಗ್ಗಿತು. ನಡೆಸುತ್ತಿದ್ದವಳು ಗಟ್ಟಿಮುಟ್ಟಾದ ಒಬ್ಬ ಹೆಂಗಸು. ಅವಳಿಗೆ ಎದುರಿಗೆ ಕಂಡದ್ದು ಒಂದು ಸಾಲು. ಬೋರ್ಡಿಲ್ಲ, ಸೂರಿಲ್ಲ, ಆದರೆ ಅಷ್ಟು ಜನ ಅಷ್ಟು ಬೇಜಾರಾಗಿ ನಿಂತಿದ್ದಾರೆ ಎಂದ ಮೇಲೆ ಅದು ಬಸ್ ನಿಲ್ದಾಣವಲ್ಲದೆ ಇನ್ನೇನು? ವರ್ಷಗಳ ಅಭ್ಯಾಸ, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಾಗಿಲು ಉಸ್ಸೆಂದು ತೆರೆಯಿತು.

ಸಾಲಿಗೆ ಸಾಲೇ ದಂಗಾಯಿತು. ಬಸ್ಸು ಬಂದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

“ಹತ್ತೋದಿದ್ರೆ ಬೇಗ ಹತ್ತಿ!” ಎಂದಳು ಡ್ರೈವರಮ್ಮ.

“ಬಂದೆ ಮಗಳೇ,” ಎಂದು ಅಮ್ಮ ಕುರ್ಚಿ ಮಡಿಸಿದಳು.

ಮಾರನೆಯ ದಿನ ಅದೇ ಹೊತ್ತಿಗೆ ಬಸ್ಸು ಬಂತು. ಅದರ ಮಾರನೆಯ ದಿನವೂ ಬಂತು. ಖಾಲಿ ಹೋಗಬೇಕಿದ್ದ ಬಸ್ಸು ತುಂಬಿ ತುಳುಕುತ್ತ ಊರು ಸೇರುವುದನ್ನು ಕಂಡು ಇಲಾಖೆ ಬೆಚ್ಚಿಬಿತ್ತು. ಅಪ್ಪಣೆಯಿಲ್ಲದೆ ಜನರನ್ನು ಸಾಗಿಸಿದ್ದಕ್ಕೆ ಡ್ರೈವರಮ್ಮನ ಮೇಲೆ ವಿಚಾರಣೆ ಶುರುವಾಯಿತು. ವಿಚಾರಣೆಗೆ ಬಂದ ಇನ್‌ಸ್ಪೆಕ್ಟರು ಆಕೆಯದೇ ಬಸ್ಸು ಹಿಡಿದು ಬಂದದ್ದರಿಂದ ಈ ಸಲ ವೇಳೆಗೆ ಸರಿಯಾಗಿ ತಲುಪಿದರು. ನಿಲ್ಲಲು ಜಾಗವಿಲ್ಲದೆ ಒಂದೇ ಕಾಲಿನ ಮೇಲೆ ನಿಂತು ಬಂದು, ಈ ಮಾರ್ಗದಲ್ಲಿ ಪ್ರಯಾಣಿಕರಿಗೆ ಕೊರತೆಯಿಲ್ಲ ಎಂದು ಹೇಳಿದರು. ಹೀಗೆ ಡ್ರೈವರಮ್ಮನ ತಪ್ಪು ಸಾಬೀತಾಯಿತು, ಬಡಾವಣೆಯ ಬೇಡಿಕೆಯೂ ಸಾಬೀತಾಯಿತು. ಅಧಿಕಾರಿ ಎರಡನ್ನೂ ಒಟ್ಟಿಗೆ ಇತ್ಯರ್ಥ ಮಾಡಿದರು. ರೂಟು ಮಂಜೂರಾಯಿತು, ಶಿಕ್ಷೆಯೆಂದು ಡ್ರೈವರಮ್ಮನನ್ನು ಅದೇ ರೂಟಿಗೆ ಹಾಕಿದರು.

ಉದ್ಘಾಟನೆಯ ದಿನ ಬಸ್ಸಿಗೆ ಹೂವಿನ ಅಲಂಕಾರವಾಗಿತ್ತು. ರಸ್ತೆಗೆ ಅಡ್ಡಲಾಗಿ ರಿಬ್ಬನ್ನು. ಅದರ ಒಂದು ತುದಿ ಕಾರ್ಯದರ್ಶಿಯ ಕೈಯಲ್ಲಿ, ಇನ್ನೊಂದು ತುದಿ ಅಧ್ಯಕ್ಷರ ಕೈಯಲ್ಲಿ. ಹೊದಿಕೆಯ ಕಾರು ಹಿಂದಿನ ರಾತ್ರಿಯೇ ಮಾಯವಾಗಿತ್ತು. ಮೈಕು ಹಿಡಿದ ಸೇತುವೆ ಸಾಹೇಬರು, ಸಾರ್ವಜನಿಕ ಸಾರಿಗೆ ತಮ್ಮ ಜೀವಮಾನದ ಕನಸೆಂದೂ, ಅದಕ್ಕಾಗಿ ತಾವು ಪಟ್ಟ ಪಾಡು ಒಂದೆರಡಲ್ಲವೆಂದೂ ಹೇಳಿದರು. ಇದೇ ಕೈಯಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಮೇಲ್ಸೇತುವೆಯೊಂದು ಆಗಬೇಕೆಂದು ಸೂಚಿಸಿದರು. ಡಾಕ್ಟರಿಗೆ ಮೈ ಉರಿಯಿತು. ಆದರೆ ತಾವೂ ಸಾಹೇಬರ ಪಕ್ಕದಲ್ಲೇ ನಿಂತು ಅಧಿಕಾರಿಯ ಕೈಕುಲುಕಿದವರು, ಯಾವ ಬಾಯಲ್ಲಿ ಮಾತಾಡುವುದು?

ಭಾಷಣ ಮುಗಿಯಿತು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಅವರೊಬ್ಬ ಮಂತ್ರಿ. ಹೊರಟಿದ್ದಾರೆ ಎಂದರು. ದಾರಿಯಲ್ಲಿದ್ದಾರೆ ಎಂದರು. ಬಸ್ಸು ಆಗಲೇ ತುಂಬಿತ್ತು. ಉದ್ಘಾಟನೆ ನೋಡಲೆಂದು ಬಂದಿದ್ದ ಸಿಸ್ಟರು ತನ್ನ ಹೊಸ ಕ್ಲಿನಿಕ್ಕಿಗೆ ಹೊತ್ತಾಯಿತೆಂದು ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದಳು, ಕಾಲೇಜಿನ ಹುಡುಗಿಯರಿಗೆ ಪರೀಕ್ಷೆ ಇತ್ತು. ಸಾಹೇಬರು ಫೋನಿನಲ್ಲಿ ಸಾರ್ ಸಾರ್ ಎನ್ನುತ್ತ ಬೆವರುತ್ತಿದ್ದರು.

“ಎಲ್ಲಿದ್ದಾರಂತೆ?” ಎಂದು ಡ್ರೈವರಮ್ಮ ಕಿಟಕಿಯಿಂದ ಕೇಳಿದಳು.

“ಸೇತುವೆ ಹತ್ರ ಜಾಮಲ್ಲಿದ್ದಾರಂತೆ. ಇನ್ನೊಂದು ಗಂಟೆ ಆಗಬಹುದು. ಕಾಯ್ಲೇಬೇಕು!” ಎಂದರು ಸಾಹೇಬರು.

“ನಾವು ಕಾದಿದ್ದು ಸಾಲ್ದಾ?” ಒಳಗಿನಿಂದ ಅಮ್ಮನ ದನಿ. ಎಕ್ಸ್‌ಚೇಂಜಿನ ದನಿ, ಬಸ್ಸಿನ ಕೊನೆಯ ಸೀಟಿಗೂ ರಸ್ತೆಯ ಆಚೆಗೂ ಒಟ್ಟಿಗೆ ಕೇಳಿತು. “ಹೊರಡು ಮಗಳೇ. ಅವರು ಮುಂದಿನ ಬಸ್ಸಲ್ಲಿ ಬರ್ತಾರೆ.”

ಡ್ರೈವರಮ್ಮ ಎಂಜಿನ್ ಚಾಲೂ ಮಾಡಿ ರಿಬ್ಬನ್ನಿನ ಕಡೆ ನೋಡಿದಳು, ಅಲ್ಲಿಂದ ಡಾಕ್ಟರ ಕಡೆ ನೋಡಿದಳು.

“ಡಾಕ್ಟ್ರೇ, ಬಿಡಬೇಡಿ!” ಎಂದರು ಸಾಹೇಬರು. “ಮಂತ್ರಿಗಳ ಮರ್ಯಾದೆ!”

ಡಾಕ್ಟರು ಬಿಟ್ಟರು. ರಿಬ್ಬನ್ನು ನೆಲಕ್ಕೆ ಬಿತ್ತು, ಅದರ ಮೇಲೆ ಚಕ್ರ ಹಾಯಿತು. ಸಾಹೇಬರು ತಮ್ಮ ತುದಿಯನ್ನು ಗಟ್ಟಿಯಾಗಿ ಹಿಡಿದೇ ಇದ್ದರು. ಡಾಕ್ಟರು ನಾಲ್ಕು ಹೆಜ್ಜೆ ಓಡಿ, ಕಾಲೇಜಿನ ದಿನಗಳ ನಂತರ ಮೊದಲ ಬಾರಿಗೆ ಓಡುವ ಬಸ್ಸಿನ ಮೆಟ್ಟಿಲು ಹಾರಿ ಹತ್ತಿದರು. ಯಾರದೋ ಕೈ ಅವರ ಕೋಟು ಹಿಡಿದು ಒಳಗೆಳೆಯಿತು.

ಬಸ್ಸು ಮುಖ್ಯರಸ್ತೆ ಸೇರಿ, ಸೇತುವೆಯ ಬಳಿಗೆ ಬಂದು, ಕಾರುಗಳ ಸಮುದ್ರದಲ್ಲಿ ಎಲ್ಲರಂತೆ ನಿಂತಿತು. ಬಸ್ಸಿಗೇನು ರೆಕ್ಕೆ ಇದೆಯೇ? ಎದುರು ದಿಕ್ಕಿನಲ್ಲಿ ಕೆಂಪು ದೀಪದ ಕಾರೊಂದು ಅಲುಗದೆ ನಿಂತಿತ್ತು. ಒಳಗೆ ಕೊರಳಿಗೆ ಶಾಲು ಹಾಕಿಕೊಂಡ ಗಣ್ಯರೊಬ್ಬರು, ಹೂವು ಮುಡಿದು ತಮಗೆ ಕಾಯದೆ ಹೊರಟು ಬಂದ ಬಸ್ಸನ್ನು ಪಿಳಿಪಿಳಿ ನೋಡುತ್ತಿದ್ದರು. ಅಮ್ಮ ಕಿಟಕಿಯಿಂದ ಕೈಬೀಸಿದಳು. ಅಭ್ಯಾಸಬಲ, ಅವರೂ ಬೀಸಿದರು.

ಡಾಕ್ಟರಿಗೆ ಸೀಟು ಸಿಕ್ಕಿರಲಿಲ್ಲ. ಮೇಲಿನ ಕಂಬಿಗೆ ಜೋತುಬಿದ್ದು ನಿಂತಿದ್ದರು. ಪಕ್ಕದ ಸೀಟಿನಲ್ಲಿದ್ದ ಟೈಲರು ಅವರ ಬಿಳಿ ಕೋಟಿನ ಚುಂಗು ಜಗ್ಗಿದ.

“ಡಾಕ್ಟ್ರೇ, ಹೇಗೂ ನಿಂತಿದ್ದೀರಿ, ಬಸ್ಸೂ ನಿಂತಿದೆ. ಈ ಕಡೆ ದವಡೆ ಸ್ವಲ್ಪ ನೋಡ್ತೀರಾ?”

ಡಾಕ್ಟರು ಕಂಬಿ ಬಿಟ್ಟು ಬಗ್ಗಿದರು. “ಅಗಲವಾಗಿ ತೆಗೀರಿ,” ಎಂದರು.